ಅಂಗಳದ ಕರಿಕೆ

ಚಿಕ್ಕೋಡಿಯಲ್ಲಿ ಮನೆ ಕಟ್ಟಿಸಿ ಮುಗಿದ ಮೇಲೆ ಅಂಗಳಕ್ಕೆ ಹಸಿರು ಹಾಸಬೇಕೆಂಬ ಹುಚ್ಚು ನನ್ನ ತಲೆಗೇರಿತು. ತಿಳಿದವರನ್ನು ಕೇಳಿದೆ. ನೆಲವನ್ನು 1 ಅಡಿ ಅಗೆದು, ಹರಳು ಆರಿಸಿ, ಕೊಳೆತ ಗೊಬ್ಬರ ಬೆರೆಸಿ ಮಟ್ಟ ಮಾಡಬೇಕು. ನೀರು ಬಿಟ್ಟು, ಮೊಳೆತ ಕಳೆಯನ್ನೆಲ್ಲ ಕಿತ್ತ ಮೇಲೆ ಗೇಣಿಗೆರಡರಂತೆ ಕರಿಕೆಯ ತುಂಡು ಊರಬೇಕು. ಗೆಣ್ಣು ಮಣ್ಣು ಮುಟ್ಟಿದಲ್ಲೆಲ್ಲ ಅದು ಬೇರು ಬಿಡುತ್ತದೆ. ನಾವು ಗಣಪತಿಗೇರಿಸುವ ಈ ಕರಿಕೆಯೇ ಬರ್ಮುಡಾ ಹುಲ್ಲೆಂಬ ಹೆಸರಿನಿಂದ ದೊಡ್ಡ ದೊಡ್ಡ ಆಟದ ಬಯಲುಗಳಲ್ಲಿ ಮೆರೆಯುತ್ತದೆ.

ಅಥಣಿಯ ಕಡೆಯ ಹೊಲವೊಂದರ ಬದುವಿನಿಂದ ಒಂದು ಚೀಲ ಕರಿಕೆ ತರಿಸಿದೆ. ಕಟ್ಟೆಯ ಮೇಲೆ ಕುಳಿತಿದ್ದ ಅಪ್ಪ ಚೀಲದೊಳಗೆ ಕೈಹಾಕಿ ನೋಡಿದ.

"ಇದನ್ನ ಕೀಳಸಾಕಂತ ನಾ ನಿಮ್ಮವ್ವನ ಬಿಲ್ವಾರ ಅಡವಿಟ್ಟಿದ್ದೆ. ನೀ ರೊಕ್ಕಾ ಕೊಟ್ಟು ತಂದು ಹಚ್ಚಾಕ ಹತ್ತೀಯಲ್ಲೋ ತಮ್ಮಾ!"

ನನ್ನ ಕೈಯಲ್ಲಿಯ ಗುದ್ದಲಿ ನಿಂತಿತು. ಎರೆಹೊಲಕ್ಕೆ ಕರಿಕೆ ಹೊಕ್ಕಿತೆಂದರೆ ಜೋಳಕ್ಕೆ ನೆಲೆಯಿಲ್ಲ. ಬೇರು ನೇಗಿಲಿಗೆ ಸಿಗದಷ್ಟು ಆಳಕ್ಕಿಳಿಯುತ್ತದೆ. ಕುಂಟೆಗೆ ಸಿಕ್ಕು ತುಂಡಾದರೆ ಒಂದೊಂದು ತುಂಡೂ ಮತ್ತೆ ಚಿಗುರುತ್ತದೆ. ಬೇಸಗೆಯಲ್ಲಿ ಆಳು ಹಚ್ಚಿ, ಹೆಂಟೆ ಎಬ್ಬಿಸಿ, ಬೇರು ಆರಿಸಿ, ಒಣಗಿಸಿ ಸುಡಬೇಕು. ಅಪ್ಪ ಹಾಗೆಯೇ ಮಾಡಿಸಿದ್ದ. ಹೊಲ ಹಸನಾಯಿತು; ಅದರ ಜೋಳ ಮಾರಿ ನಾನು ಸಾಲೆ ಕಲಿತೆ. ಬಿಲ್ವಾರ ಮಾತ್ರ ಮರಳಿ ಬರಲಿಲ್ಲ.

ಮರುದಿನ ಎದ್ದು ನೋಡುತ್ತೇನೆ, ಅಪ್ಪನೇ ಕುಕ್ಕರಗಾಲಿನಲ್ಲಿ ಕುಳಿತು ಕರಿಕೆ ಊರುತ್ತಿದ್ದಾನೆ! "ಹಂಗಲ್ಲೋ, ಗೆಣ್ಣು ಮಣ್ಣಾಗಿರಬೇಕು" ಎಂದು ನನ್ನ ಸಾಲನ್ನು ತಿದ್ದಿದ. ವೈರಿಯ ಗುಣವನ್ನು ಅವನಷ್ಟು ಬಲ್ಲವರು ಯಾರು?

ಈಗ ಅಂಗಳವೆಲ್ಲ ಹಸಿರು. ಬಂದವರು ಮೆಚ್ಚುತ್ತಾರೆ. ಅವ್ವ ಮಾತ್ರ ಇನ್ನೂ ಅದರ ಮೇಲೆ ಕಾಲಿಟ್ಟಿಲ್ಲ. ಸುತ್ತುಹಾಕಿಯೇ ಬಾಗಿಲಿಗೆ ಬರುತ್ತಾಳೆ.