ಕುಕ್ಕರಹಳ್ಳಿ ಕೆರೆಯ ಹಾವಕ್ಕಿ

ಮೈಸೂರಿನ ಹಕ್ಕಿಪ್ರಿಯರಲ್ಲಿ ಹೆಚ್ಚಿನವರು ಕುಕ್ಕರಹಳ್ಳಿ ಕೆರೆಗೆ ಬೆಳ್ಳಂಬೆಳಗ್ಗೆ ಹೋಗುತ್ತಾರೆ. ನನಗೆ ಇಳಿಮಧ್ಯಾಹ್ನವೇ ಇಷ್ಟ. ಬಿಸಿಲು ಓರೆಯಾಗಿ ಬೀಳುತ್ತದೆ, ಹೊಟ್ಟೆ ತುಂಬಿದ ನೀರುಹಕ್ಕಿಗಳು ಮೈ ಒಣಗಿಸಿಕೊಳ್ಳುತ್ತ ಕೂತಿರುತ್ತವೆ.

ಕ್ಯಾಮೆರಾ ಹೆಗಲಿಗೇರಿಸಿ ಕೆರೆ ಏರಿ ಹತ್ತಿದೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಬೇಸಾಯದ ನೀರಿಗೆಂದು ಕಟ್ಟಿಸಿದ ಕೆರೆ ಇದು. ಈಗ ಸುತ್ತ ನಗರ, ಮಗ್ಗುಲಲ್ಲೇ ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣ. ಊರು ಇಷ್ಟು ಬೆಳೆದರೂ ಕೆರೆ ಉಳಿಯಿತಲ್ಲ, ಅದೇ ನಮ್ಮ ಪುಣ್ಯ. ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆಗಳು ಕೂತಿದ್ದವು. ನೀರುಕಾಗೆ, ನಾಮದ ಕೋಳಿ, ಜೊಂಡಿನಂಚಿನಲ್ಲಿ ನೇರಳೆ ಜಂಬುಕೋಳಿ. ಎಲ್ಲವನ್ನೂ ಒಂದೊಂದು ನೋಟ ನೋಡಿ ಮುಂದೆ ಸಾಗಿದೆ. ನನಗೆ ಬೇಕಿದ್ದದ್ದು ಹಾವಕ್ಕಿ.

ಮೊದಲು ಕಂಡದ್ದು ಕತ್ತು ಮಾತ್ರ. ಬಾತುಕೋಳಿಯ ಗರಿ ನೀರನ್ನು ಜಾರಿಸಿಬಿಡುತ್ತದೆ, ಹಾವಕ್ಕಿಯದು ನೆನೆಯುತ್ತದೆ. ಹಾಗಾಗಿ ಮೈ ಮುಳುಗಿ, ಕತ್ತೊಂದೇ ಹಾವಿನಂತೆ ಮೇಲೆ ಓಲಾಡುತ್ತದೆ. ನೀರೊಳಗೆ ಬೇಟೆಯಾಡಲು ಆ ಭಾರವೇ ಅದಕ್ಕೆ ಅನುಕೂಲ. ಮುಳುಗಿತು. ಎದ್ದಾಗ ಚೂಪು ಕೊಕ್ಕಿಗೆ ಮೀನು ಚುಚ್ಚಿಕೊಂಡಿತ್ತು. ಕೊಕ್ಕರೆಯ ಹಾಗೆ ಇದು ಮೀನನ್ನು ಕಚ್ಚಿ ಹಿಡಿಯುವುದಿಲ್ಲ, ಇರಿಯುತ್ತದೆ. ತಲೆ ಕೊಡವಿ ಮೀನನ್ನು ಬಿಡಿಸಿ, ಮೇಲಕ್ಕೆಸೆದು, ತಲೆಯ ಕಡೆಯಿಂದ ನುಂಗಿತು. ಬಾಲದಿಂದ ನುಂಗಿದರೆ ರೆಕ್ಕೆಮುಳ್ಳು ಗಂಟಲಿಗೆ ಸಿಗುತ್ತದೆ.

ಆಮೇಲೆ ಒಣಗಿದ ಬೊಡ್ಡೆಯೇರಿ ರೆಕ್ಕೆ ಹರಡಿತು. ಫಳಫಳ ಹೊಳೆಯುವ ನೀರಿನೆದುರು ಕಪ್ಪು ಹಕ್ಕಿ. ಕ್ಯಾಮೆರಾದ ಅಳತೆಗೇ ಬಿಟ್ಟರೆ ಬರೀ ನೆರಳು ಬರುತ್ತದೆ. ಎಕ್ಸ್‌ಪೋಷರ್ ತುಸು ಏರಿಸಿದೆ. ಬೆನ್ನಿನ ಬೆಳ್ಳಿಗೆರೆಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾದವು.

ಪಕ್ಕದಲ್ಲಿ ಕ್ಯಾಮೆರಾ ಹಿಡಿದಿದ್ದ ಹುಡುಗನೊಬ್ಬ ಹಕ್ಕಿ ಹಾರಲೆಂದು ಜೋರಾಗಿ ಚಪ್ಪಾಳೆ ತಟ್ಟಿದ. ನನಗೆ ಸಿಟ್ಟೇ ಬಂತು.

"ತಮ್ಮಾ, ಅದರ ರೆಕ್ಕೆ ಇನ್ನೂ ಒದ್ದೆಯಿದೆ. ತಾನಾಗೇ ಹಾರ್ಲಿ, ಬಿಡಪ್ಪ."

"ಎಷ್ಟೊತ್ತಾಗತ್ತೆ ಸರ್?"

"ಗೊತ್ತಿಲ್ಲ. ಕೂತ್ಕೋ, ನೋಡೋಣ."

ಕೂತ. ಹಾವಕ್ಕಿ ಒಂದೊಂದೇ ಗರಿಯನ್ನು ಕೊಕ್ಕಿನಿಂದ ತೀಡಿತು, ಮಗ್ಗುಲು ಬದಲಿಸಿತು, ಮತ್ತೆ ರೆಕ್ಕೆ ಬಿಚ್ಚಿತು. ಕ್ಯಾಮೆರಾ ಕೆಳಗಿಟ್ಟು ನೋಡುತ್ತಿದ್ದ ಹುಡುಗ, "ಅದರ ಕಾಲ್ಬೆರಳಿಗೆಲ್ಲ ಜಾಲ ಇದೆ ಅಲ್ವಾ ಸರ್?" ಎಂದ. ಹೌದು, ನಾಲ್ಕೂ ಬೆರಳಿಗೆ. ಬಿಸಿಲು ಕೆಂಪೇರುವ ಹೊತ್ತಿಗೆ ಅದು ಹಾರಿತು. ನನ್ನದಕ್ಕಿಂತ ಅವನ ಚಿತ್ರವೇ ಚೆನ್ನಾಗಿ ಬಂತು. ಬೀಸಣಿಗೆಯಂತೆ ಬಿಚ್ಚಿದ ಬಾಲ ಪೂರ್ತಿ ಅದರಲ್ಲಿದೆ.