ವರ್ಷದ ಹಾಡು, ಊರಿನ ದನಿ

ಸವಣೂರು ಎಂದೊಡನೆ ಬಯಲುಸೀಮೆಯವರ ಕಣ್ಣ ಮುಂದೆ ನಿಲ್ಲುವುದು ಹಾವೇರಿ ಜಿಲ್ಲೆಯ ಸವಣೂರು. ನವಾಬರು ಆಳಿದ ಊರು. ವೀಳ್ಯದೆಲೆಗೆ ಹೆಸರಾದ ಊರು. ದೊಡ್ಡಹುಣಸೆ ಮಠದ ಬೃಹದ್ವೃಕ್ಷಗಳನ್ನು ನೋಡಲು ಪ್ರವಾಸಿಗಳು ಹುಡುಕಿಕೊಂಡು ಹೋಗುವ ಊರು. ಆದರೆ ಕನ್ನಡನಾಡಿನಲ್ಲಿ ಅದೇ ಹೆಸರಿನ ಇನ್ನೊಂದು ಊರೂ ಉಂಟು. ಅದಕ್ಕೆ ಕೋಟೆಯಿಲ್ಲ, ನವಾಬರ ಚರಿತ್ರೆಯಿಲ್ಲ. ಪುತ್ತೂರಿನಿಂದ ಕಾಣಿಯೂರು, ಪಂಜಗಳ ಮಾರ್ಗವಾಗಿ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೊರಟ ಯಾತ್ರಿಕನು ನರಿಮೊಗರನ್ನು ದಾಟಿ ಒಂದಿಷ್ಟು ದೂರ ಸಾಗಿದನೆಂದರೆ ಈ ಸವಣೂರು ಬರುತ್ತದೆ. ಬಹುಕಾಲ ಪುತ್ತೂರು ತಾಲೂಕಿಗೆ ಸೇರಿದ್ದ ಈ ಗ್ರಾಮವು ಈಗ ಕಡಬ ತಾಲೂಕಿನದು.

ದಾರಿಯ ಇಕ್ಕೆಲಗಳಲ್ಲಿಯೂ ಅಡಕೆಯ ತೋಟಗಳು. ಗುಡ್ಡದ ಮೇಲೆ ರಬ್ಬರು, ಗೇರು. ತಗ್ಗಿನಲ್ಲಿ ಒಂದು ಕಾಲಕ್ಕೆ ಗದ್ದೆಗಳು. ಮುಂದೆ ಹೋದರೆ ನಿಂತಿಕಲ್ಲು, ಎಣ್ಮೂರು, ಪಂಜ. ತುಳುನಾಡಿನ ವೀರರಾದ ಕೋಟಿ-ಚೆನ್ನಯರ ಕಥೆಯನ್ನು ಬಲ್ಲವರಿಗೆ ಈ ಹೆಸರುಗಳು ಹೊಸತಲ್ಲ. ಅವರ ಪಾಡ್ದನದಲ್ಲಿ ಬರುವ ಪಡುಮಲೆಯೂ ಎಣ್ಮೂರೂ ಪಂಜವೂ ಈ ಸೀಮೆಯವೇ. ನೇಜಿ ನೆಡುವ ಹೆಂಗಸರ ಕಂಠದಲ್ಲಿ ಆ ಕಥೆಗಳು ತಲೆಮಾರುಗಳನ್ನು ದಾಟಿ ಬಂದವು. ಹೀಗೆ ನೋಡಿದರೆ, ಈ ಹಾದಿಯಲ್ಲಿ ನೆಲದ ಒಂದೊಂದು ತುಂಡಿಗೂ ಒಂದೊಂದು ಹಾಡು ಉಂಟು.

ದೊಡ್ಡ ನಗರಗಳ ಹಾಡಿನ ಅಂಗಡಿಗಳಲ್ಲಿ ಒಂದು ಪದ್ಧತಿಯುಂಟು. ಡಿಸೆಂಬರ್ ತಿಂಗಳು ಮುಗಿಯುತ್ತ ಬಂದಾಗ ಅಂಗಡಿಯವರು ಆ ವರ್ಷ ಹೊರಬಂದ ಧ್ವನಿಮುದ್ರಿಕೆಗಳಲ್ಲಿ ತಮಗೆ ಮೆಚ್ಚಿಕೆಯಾದವನ್ನು ಆರಿಸಿ ಪಟ್ಟಿ ಮಾಡುತ್ತಾರೆ. ಗಿರಾಕಿಗಳು ಅದನ್ನು ನೋಡಿ ತಲೆದೂಗುವುದೂ ಉಂಟು, ತಗಾದೆ ತೆಗೆಯುವುದೂ ಉಂಟು. ಅಂಥದೊಂದು ಪಟ್ಟಿಯನ್ನು ಸವಣೂರಿನಂಥ ಊರಿಗಾಗಿ ಬರೆಯಲು ಕುಳಿತರೆ ಅದರಲ್ಲಿ ಏನೇನು ಸೇರಬೇಕು? ಅದಕ್ಕಿಂತ ಮುಖ್ಯವಾಗಿ, ಏನೇನು ಬಿಟ್ಟುಹೋಗುತ್ತದೆ?

ಮೂರು ನಿಮಿಷದ ತಟ್ಟೆ

ಭಾರತದ ನೆಲದಲ್ಲಿ ಗಾಯನವು ಮೊದಲಿಗೆ ತಟ್ಟೆಯನ್ನೇರಿದ್ದು 1902ರಲ್ಲಿ. ಗ್ರಾಮಾಫೋನ್ ಕಂಪನಿಯ ಪರವಾಗಿ ಕಲ್ಕತ್ತೆಗೆ ಬಂದ ಫ್ರೆಡ್ ಗೈಸ್‌ಬರ್ಗ್ ಎಂಬಾತನು ಗೌಹರ್ ಜಾನಳ ಹಾಡನ್ನು ಮುದ್ರಿಸಿಕೊಂಡನು. ಹಾಡಿನ ಕೊನೆಯಲ್ಲಿ ಆಕೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಸಾರುತ್ತಿದ್ದಳು. ಆಗ ತಟ್ಟೆಗಳು ತಯಾರಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಹಾಡಿದವರು ಯಾರೆಂದು ಅಲ್ಲಿಯ ಕೆಲಸಗಾರರಿಗೆ ತಿಳಿಯಲೆಂದು ಈ ಉಪಾಯ. ದೇಶವನ್ನೆಲ್ಲ ಮರುಳುಗೊಳಿಸಿದ ಆ ಗಾಯಕಿ ತನ್ನ ಕಡೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು.

ನಮ್ಮ ಕಾಡುಗಳ ಅರಗಿಗೂ ಆ ಕರಿಯ ತಟ್ಟೆಗಳಿಗೂ ಹತ್ತಿರದ ಸಂಬಂಧ. ತಟ್ಟೆಯನ್ನು ಎರಕ ಹೊಯ್ಯುವ ಮಿಶ್ರಣದಲ್ಲಿ ಅರಗು ಮುಖ್ಯವಾದ ವಸ್ತುವಾಗಿತ್ತು. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಆ ಮೂರು ನಿಮಿಷಕ್ಕೆ ಹೊಂದುವಂತೆ ಸಂಗೀತಗಾರರು ತಮ್ಮ ಆಲಾಪವನ್ನು ಕುಗ್ಗಿಸಬೇಕಾಯಿತು. ಚಿಕ್ಕದಾಗಿ, ಚೊಕ್ಕವಾಗಿ ಹಾಡಬಲ್ಲವರಿಗೆ ತಟ್ಟೆ ಒಲಿಯಿತು. ಉಡುಪಿಯ ಕಡೆಯ ಆರೂರಿನಲ್ಲಿ 1914ರಲ್ಲಿ ಹುಟ್ಟಿದ ಪಿ. ಕಾಳಿಂಗರಾಯರು ಕನ್ನಡದ ಕವಿತೆಗಳನ್ನು ತಮ್ಮ ತುಂಬುದನಿಯಲ್ಲಿ ಹಾಡಿ ಮನೆಮಾತಾದರು. ಭಾವಗೀತೆಯ ಅಳತೆಯೂ ತಟ್ಟೆಯ ಅಳತೆಯೂ ಒಂದಕ್ಕೊಂದು ಹೊಂದಿದವು.

ಆದರೆ ಯಕ್ಷಗಾನದ ಅಳತೆಯೇ ಬೇರೆ. ರಾತ್ರಿ ಚೌಕಿಯಲ್ಲಿ ಪೂಜೆಯಾಗಿ ಆರಂಭವಾದ ಆಟಕ್ಕೆ ಮಂಗಳವಾಗುವುದು ಬೆಳಗಿನ ಜಾವದಲ್ಲಿ. ಭಾಗವತರು ಜಾಗಟೆ ಹಿಡಿದು ಒಂದು ಪದ್ಯವನ್ನು ಎತ್ತಿ, ಚೆಂಡೆ ಮದ್ದಳೆಗಳು ಅದಕ್ಕೆ ಮೈಗೂಡಿ, ವೇಷಧಾರಿ ಕುಣಿದು ಅರ್ಥ ಹೇಳುವಷ್ಟರಲ್ಲಿ ಎಷ್ಟು ತಟ್ಟೆಗಳು ತಿರುಗಿ ಮುಗಿಯಬೇಕೋ! ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ನೆಲೆಸಿದ್ದ ಶಿವರಾಮ ಕಾರಂತರು ಈ ಕಲೆಯ ಚರಿತ್ರೆಯನ್ನು ಶೋಧಿಸಿ ಬರೆದ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ತಮ್ಮ ಪ್ರಯೋಗಗಳಲ್ಲಿ ಅವರು ಇರುಳಿಡೀ ನಡೆಯುವ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿದರು. ಅಷ್ಟಾದರೂ ಅದು ತಟ್ಟೆಗೆ ಹಿಡಿಸುವ ಸರಕಾಗಲಿಲ್ಲ. ಅದಕ್ಕೆ ಬೇರೆ ಸಾಧನವೇ ಬರಬೇಕಾಗಿತ್ತು.

ಕ್ಯಾಸೆಟ್ಟಿನ ಕಾಲ

ಆ ಸಾಧನವನ್ನು ಹಾಲೆಂಡಿನ ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದಿತು. ಅಂಗೈಯಲ್ಲಿ ಹಿಡಿಸುವ ಒಂದು ಪೆಟ್ಟಿಗೆ. ಅದರೊಳಗೆ ನಾಲ್ಕು ಮಿಲಿಮೀಟರಿಗಿಂತ ಕಡಿಮೆ ಅಗಲದ ತೆಳ್ಳನೆಯ ಸುರುಳಿ. ಮಗ್ಗುಲಿಗೆ ಅರ್ಧ ಗಂಟೆಯ ಕ್ಯಾಸೆಟ್ಟಿನಲ್ಲಿ ಸುಮಾರು 86 ಮೀಟರ್ ಉದ್ದದ ಟೇಪು ಸುತ್ತಿಕೊಂಡಿರುತ್ತದೆ. ಅದಕ್ಕೆ ಹಚ್ಚಿದ ಕಬ್ಬಿಣದ ಆಕ್ಸೈಡಿನ ಕಣಗಳು ಅಯಸ್ಕಾಂತದ ಗುಣವನ್ನು ಪಡೆದು ದನಿಯನ್ನು ಹಿಡಿದಿಡುತ್ತವೆ. ತಟ್ಟೆಗೂ ಇದಕ್ಕೂ ಇದ್ದ ದೊಡ್ಡ ಅಂತರವೆಂದರೆ, ಕ್ಯಾಸೆಟ್ಟಿನಲ್ಲಿ ಯಾರು ಬೇಕಾದರೂ ಮುದ್ರಿಸಿಕೊಳ್ಳಬಹುದಾಗಿತ್ತು. ಕಂಪನಿ ಬೇಡ, ಸ್ಟುಡಿಯೋ ಬೇಡ. ವಿದ್ಯುತ್ತು ಹೋದರೆ ಬ್ಯಾಟರಿ ಸಾಕು.

ಕನ್ನಡದ ಸುಗಮ ಸಂಗೀತದಲ್ಲಿ ಕ್ಯಾಸೆಟ್ಟಿನ ಯುಗವನ್ನು ತೆರೆದದ್ದು 1978ರ ‘ನಿತ್ಯೋತ್ಸವ’; ಕೆ. ಎಸ್. ನಿಸಾರ್ ಅಹಮದರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ಸಂಗೀತ. 1987ರಲ್ಲಿ ಹಂಸಲೇಖರ ‘ಪ್ರೇಮಲೋಕ’ದ ಹಾಡುಗಳು ಬಂದಾಗ ನಾಡಿನ ಕ್ಯಾಸೆಟ್ ಅಂಗಡಿಗಳಲ್ಲಿ ಅದೊಂದು ಹಬ್ಬವೇ ಆಯಿತು. 2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ಯ ಹಾಡುಗಳನ್ನು ಕೇಳದ ಕಿವಿಯೇ ಇರಲಿಲ್ಲವೆನ್ನಬಹುದು. ಇವೆಲ್ಲವೂ ನಗರದ ಪಟ್ಟಿಯಲ್ಲಿಯೂ ಇದ್ದವು, ಹಳ್ಳಿಯ ಪಟ್ಟಿಯಲ್ಲಿಯೂ ಇದ್ದವು.

ಆದರೆ ತುಳುನಾಡಿನ ಅಂಗಡಿಯ ವರ್ಷವು ಜನವರಿಯಿಂದ ಡಿಸೆಂಬರಿಗೆ ನಡೆಯುವ ವರ್ಷವಲ್ಲ. ಶಬರಿಮಲೆಗೆ ಮಾಲೆ ಧರಿಸುವ ಕಾಲಕ್ಕೆ ಅಯ್ಯಪ್ಪನ ಹಾಡುಗಳು. ಬ್ಯಾರಿ ಮನೆಗಳ ಮದುವೆ, ಹಬ್ಬಗಳಿಗೆ ಮಾಪಿಳ್ಳೆ ಹಾಡುಗಳು. ಕೊಂಕಣಿ ಮನೆಗಳಿಗೆ ವಿಲ್ಫಿ ರೆಬಿಂಬಸರ ಗೀತೆಗಳು. ಏಪ್ರಿಲ್ ತಿಂಗಳಲ್ಲಿ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆಯ ಸಂತೆಗೆ ಭಕ್ತಿಗೀತೆಗಳು. ದೀಪಾವಳಿಯ ವೇಳೆಗೆ ಮೇಳಗಳು ತಿರುಗಾಟಕ್ಕೆ ಹೊರಡಲು ಅಣಿಯಾಗುತ್ತವೆ. ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ ತಿಂಗಳ ಕೊನೆಯ ವಾರದ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಊರಿನ ಕಿವಿಯೂ ಇದೇ ಪಂಚಾಂಗವನ್ನು ಅನುಸರಿಸಿ ತೆರೆಯುತ್ತದೆ.

ಪತ್ತನಾಜೆಯ ಮೇಲೆ ಮಳೆ ಹಿಡಿಯುತ್ತದೆ. ಬಯಲಿನಲ್ಲಿ ಆಟವಿಲ್ಲ. ಆಗ ಚಾವಡಿಗಳಲ್ಲಿಯೂ ಸಭಾಭವನಗಳಲ್ಲಿಯೂ ತಾಳಮದ್ದಳೆ. ಇದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪದ್ಯವೂ ಮಾತೂ ಮಾತ್ರ. ಕಣ್ಣಿಗೆ ಕಾಣಬೇಕಾದುದು ಕಡಿಮೆಯಾದ್ದರಿಂದ ಈ ಕಲೆಯನ್ನು ಕ್ಯಾಸೆಟ್ಟಿಗೆ ಇಳಿಸಿದರೆ ನಷ್ಟವೂ ಅತ್ಯಲ್ಪ. ಶೇಣಿ ಗೋಪಾಲಕೃಷ್ಣ ಭಟ್ಟರ (1918-2006) ಅರ್ಥಗಾರಿಕೆಯನ್ನು ಜನರು ಆಟಿ ತಿಂಗಳ ಕತ್ತಲೆಯಲ್ಲಿ, ಹೊರಗೆ ಮಳೆ ಹೊಯ್ಯುತ್ತಿರುವಾಗ, ಟೇಪ್‌ರೆಕಾರ್ಡರಿನ ಸುತ್ತ ಕುಳಿತು ಮತ್ತೆ ಮತ್ತೆ ಕೇಳಿದರು. ಎದುರು ಪಾತ್ರಧಾರಿಯ ಪ್ರಶ್ನೆಗೆ ಶೇಣಿಯವರು ಏನೆಂದರು ಎಂಬುದು ಮರುದಿನ ಬಸ್ಸಿನಲ್ಲಿಯೂ ಚರ್ಚೆಯ ವಿಷಯವಾಗುವುದು. ಬಲಿಪ ನಾರಾಯಣ ಭಾಗವತರ (1938-2023) ಏರುದನಿಗೆ ಮನಸೋತವರು ಅವರ ಕ್ಯಾಸೆಟ್ಟುಗಳನ್ನು ಒಡವೆಯಂತೆ ಕಾಪಾಡಿಕೊಂಡರು.

ಬಡಗುತಿಟ್ಟಿನ ಕಾಳಿಂಗ ನಾವಡರ ಕಥೆ ಇನ್ನೂ ಮನಮುಟ್ಟುವಂಥದು. 1958ರಲ್ಲಿ ಹುಟ್ಟಿದ ಅವರು ತಮ್ಮ ಕಂಠದಿಂದ ಯಕ್ಷಗಾನಕ್ಕೆ ಹೊಸ ಶ್ರೋತೃಗಳನ್ನು ಸೆಳೆದರು. 1990ರಲ್ಲಿ ರಸ್ತೆಯ ಅಪಘಾತಕ್ಕೆ ಬಲಿಯಾದರು. ಮೂವತ್ತರ ಆಚೀಚೆಯ ವಯಸ್ಸು. ಅವರನ್ನು ರಂಗಸ್ಥಳದಲ್ಲಿ ಒಮ್ಮೆಯೂ ನೋಡದ ತರುಣರಿಗೆ ಅವರ ಪದ್ಯಗಳು ಬಾಯಿಪಾಠವಾದದ್ದು ಕ್ಯಾಸೆಟ್ಟುಗಳ ದೆಸೆಯಿಂದ. ಅಂಗಡಿಯ ಪಟ್ಟಿಯಲ್ಲಿ ಒಂದು ವರ್ಷದ ಮೆಚ್ಚಿಕೆಯೆಂದು ಸೇರಿದ್ದು ಹೀಗೆ ಹಲವು ವರ್ಷಗಳ ಆಸ್ತಿಯಾಯಿತು.

ಪಟ್ಟಿಯಲ್ಲಿಲ್ಲದ ದನಿ

ಇಷ್ಟಾದರೂ ಸವಣೂರಿನ ಹಾದಿಯ ಅತ್ಯಂತ ಹಳೆಯ ಹಾಡು ಈ ಪಟ್ಟಿಯಲ್ಲಿ ತನಗೆ ಸಲ್ಲಬೇಕಾದ ಸ್ಥಾನವನ್ನು ಪಡೆಯಲಿಲ್ಲ. ಅದೇ ಪಾಡ್ದನ. ಅದನ್ನು ಹಾಡುತ್ತಿದ್ದವರು ವೇದಿಕೆಯನ್ನೇರಿದ ಕಲಾವಿದರಲ್ಲ. ಮೊಣಕಾಲುದ್ದದ ಕೆಸರಿನಲ್ಲಿ ಬೆನ್ನು ಬಗ್ಗಿಸಿ ನಿಂತ ಹೆಂಗಸರು. ಒಬ್ಬಳು ಮುಂದಾಗಿ ಹೇಳುವಳು, ಉಳಿದವರು ಸೊಲ್ಲು ಕೂಡಿಸುವರು. ನೇಜಿಯ ಸಾಲು ಮುಂದುವರಿದಂತೆ ಕಥೆಯೂ ಮುಂದುವರಿಯುವುದು. ಗದ್ದೆಗಳು ಅಡಕೆಯ ತೋಟಗಳಾದಂತೆ ನಾಟಿಯ ಕೆಲಸ ಕಡಿಮೆಯಾಯಿತು. ಕೆಲಸದೊಡನೆ ಹುಟ್ಟಿದ ಹಾಡಿಗೆ ಕೆಲಸ ನಿಂತ ಮೇಲೆ ನೆಲೆಯೆಲ್ಲಿ?

ಪಾಡ್ದನದ ಗಾತ್ರವೆಷ್ಟೆಂಬುದಕ್ಕೆ ಒಂದು ನಿದರ್ಶನ ಸಾಕು. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರೊಡಗೂಡಿ ಬೆಳ್ತಂಗಡಿಯ ಕಡೆಯ ಗೋಪಾಲ ನಾಯ್ಕರ ಬಾಯಿಂದ ಸಿರಿ ಪಾಡ್ದನವನ್ನು ಮುದ್ರಿಸಿಕೊಂಡರು. 1998ರಲ್ಲಿ ಅದು ಅಚ್ಚಾದಾಗ 15,683 ಸಾಲುಗಳಷ್ಟಾಯಿತು. ಒಬ್ಬ ಬೇಸಾಯಗಾರನ ನೆನಪಿನಲ್ಲಿ ಒಂದು ಮಹಾಕಾವ್ಯ ಅಡಗಿತ್ತು! ತುಳುನಾಡಿನ ದನಿಗಳಲ್ಲಿ ಅದಕ್ಕಿಂತ ದೊಡ್ಡದಾದ ಮುದ್ರಣವನ್ನು ನೆನೆಯುವುದು ಕಷ್ಟ. ಆದರೆ ಅಂಗಡಿಯ ಗಲ್ಲೆಯ ಮುಂದೆ ನಿಂತು ಅದನ್ನು ಕೇಳಿ ಕೊಂಡ ಗಿರಾಕಿಗಳುಂಟೆ?

ವಿದ್ವಾಂಸರು ಎಲ್ಲ ಮನೆಗಳಿಗೂ ಹೋಗಲಾರರು. ಹೋಗಬೇಕಾದ ಅಗತ್ಯವೂ ಇರಲಿಲ್ಲ. ಎಷ್ಟೋ ಮನೆಗಳಲ್ಲಿ ಟೇಪ್‌ರೆಕಾರ್ಡರ್ ಇತ್ತು. ಗಲ್ಫಿಗೆ ಹೋದ ಮಗನು ತಂದುಕೊಟ್ಟ ಯಂತ್ರದ ಮುಂದೆ ಅಜ್ಜಿಯನ್ನು ಕೂರಿಸಿ ಹಾಡಿಸಿದ ಮನೆಗಳಿವೆ. ನೆರೆಯೂರಿನ ಆಟಕ್ಕೆ ಹೋಗಿ ರಂಗಸ್ಥಳದ ಬದಿಯಲ್ಲಿ ಯಂತ್ರವನ್ನಿಟ್ಟು ಬೆಳಗಿನವರೆಗೆ ಕ್ಯಾಸೆಟ್ ಬದಲಿಸಿದ ಅಭಿಮಾನಿಗಳಿದ್ದಾರೆ. ಆದರೆ ಕ್ಯಾಸೆಟ್ಟಿಗೆ ಹಣ ತೆರಬೇಕಷ್ಟೆ. ಹೊಸ ಚಿತ್ರದ ಹಾಡು ಬಂದಾಗ ಹಳೆಯ ಕ್ಯಾಸೆಟ್ಟಿನ ಮೇಲೆಯೇ ಅದನ್ನು ಮುದ್ರಿಸಿಕೊಂಡವರೂ ಉಂಟು. ಹೀಗೆ, ಆ ವರ್ಷದ ಮೆಚ್ಚಿನ ಹಾಡು ಅಜ್ಜಿಯ ದನಿಯನ್ನು ಅಳಿಸಿಹಾಕಿತು. ಇದರಲ್ಲಿ ಯಾರ ತಪ್ಪೂ ಇಲ್ಲ. ಅಜ್ಜಿ ಅಡಿಗೆಯ ಮನೆಯಲ್ಲಿ ಇದ್ದೇ ಇದ್ದಳಲ್ಲವೆ? ಅವಳ ಹಾಡು ಮುಗಿದುಹೋಗುವ ಸರಕೆಂದು ಯಾರಿಗೆ ತೋರೀತು?

ಕ್ಯಾಸೆಟ್ಟಿನ ಹಿಂಬದಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಪುಟ್ಟ ಪ್ಲಾಸ್ಟಿಕ್ ತುಂಡುಗಳಿರುತ್ತವೆ. ಅವನ್ನು ಮುರಿದುಬಿಟ್ಟರೆ ಅದರ ಮೇಲೆ ಯಂತ್ರವು ಬೇರೇನನ್ನೂ ಮುದ್ರಿಸಲಾರದು. ಮನೆಯ ಹಳೆಯ ಪೆಟ್ಟಿಗೆಯಲ್ಲಿ ಹೀಗೆ ಮುರಿದ, ಕಂಪನಿಯ ಚೀಟಿಯಿಲ್ಲದ, ಕೈಬರಹದ ಕ್ಯಾಸೆಟ್ಟೊಂದು ಸಿಕ್ಕಿದರೆ, ಅದನ್ನು ಯಾರೋ ಉಳಿಸಬೇಕೆಂದು ಬಯಸಿದ್ದರು ಎಂದು ತಿಳಿಯಬೇಕು.

ಹಾಗೆ ಉಳಿಸಿದ್ದಕ್ಕೂ ಅಪಾಯ ತಪ್ಪಿದ್ದಲ್ಲ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುತ್ತದೆ. ಆ ತೇವಕ್ಕೆ ಟೇಪಿನ ಅಂಚಿನಲ್ಲಿ ಬೆಳ್ಳಗೆ ಬೂಷ್ಟು ಹಿಡಿಯುತ್ತದೆ. ಬಹುಕಾಲ ಸುತ್ತಿಟ್ಟಲ್ಲಿಯೇ ಇದ್ದರೆ ಒಂದು ಸುತ್ತಿನ ದನಿ ಪಕ್ಕದ ಸುತ್ತಿಗೆ ಇಳಿದು ಮಾರ್ದನಿಯಂತೆ ಕೇಳಿಸುತ್ತದೆ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಆತುರದಿಂದ ಯಂತ್ರಕ್ಕೆ ಹಾಕಿದರೆ ಟೇಪು ಕಿತ್ತುಬರುವುದು; ಯಂತ್ರವೂ ಕೆಡುವುದು. ಒಣಗಿದ ಜಾಗದಲ್ಲಿರಿಸಿ, ಬಲ್ಲವರ ಕೈಯಿಂದ ಶುಚಿ ಮಾಡಿಸಿ, ಒಂದೇ ಸಲ ನುಡಿಸಿ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಜಾಣತನ. ಹಾಡಿದವರ ಹೆಸರು, ಊರು, ಮುದ್ರಿಸಿದ ವರ್ಷ, ಇವನ್ನು ಅದರೊಡನೆ ಬರೆದಿಡಬೇಕು. ಗೌಹರ್ ಜಾನಳು ತನ್ನ ಹೆಸರನ್ನು ತಾನೇ ಸಾರಿದಳು. ಗದ್ದೆಯಲ್ಲಿ ಹಾಡಿದ ಹೆಂಗಸು ಹಾಗೆ ಸಾರಲಿಲ್ಲ. ಅವಳ ಹೆಸರನ್ನು ಬರೆಯುವ ಹೊಣೆ ಮೊಮ್ಮಕ್ಕಳದು.

ಈಗ ಹಾಡು ಬರುವುದು ಕೈಯ ಫೋನಿನಲ್ಲಿ. ಎಷ್ಟು ಜನ ಕೇಳಿದರೆಂದು ಯಂತ್ರವೇ ಎಣಿಸಿ ವರ್ಷಾಂತ್ಯದಲ್ಲಿ ಪಟ್ಟಿಯನ್ನು ಹೊರಡಿಸುತ್ತದೆ. ಆ ಎಣಿಕೆಯಲ್ಲಿ ಒಂದೇ ಮನೆಯವರು ಕೇಳಿದ ಒಂದೇ ದನಿಗೆ ಸ್ಥಾನವಿಲ್ಲ. ಅದಕ್ಕೆ ಮನೆಯ ಪಟ್ಟಿಯೇ ಆಗಬೇಕು.

ಸುಬ್ರಹ್ಮಣ್ಯದ ಬಸ್ಸು ಸವಣೂರಿನಲ್ಲಿ ನಿಂತು, ಮಂದಿಯನ್ನಿಳಿಸಿ, ಕಾಣಿಯೂರಿನ ಕಡೆಗೆ ಹೊರಡುತ್ತದೆ. ಯಾತ್ರಿಕನು ಎಣ್ಮೂರು ಪಂಜಗಳ ನಾಮಫಲಕಗಳನ್ನು ಓದುತ್ತ ದೇವರ ದರ್ಶನಕ್ಕೆ ಸಾಗುತ್ತಾನೆ. ಊರಿಗೆ ಹಿಂದಿರುಗಿದ ಮೇಲೆ ಅವನು ತನ್ನ ಮನೆಯ ಅಟ್ಟವನ್ನೊಮ್ಮೆ ಹತ್ತಿ ಹಳೆಯ ಪೆಟ್ಟಿಗೆಯನ್ನು ತೆರೆದು ನೋಡಿದರೆ ಒಳ್ಳೆಯದು. ಮುಂದಿನ ಮಳೆಗಾಲಕ್ಕೆ ಮೊದಲೇ ನೋಡಿದರೆ ಇನ್ನೂ ಒಳ್ಳೆಯದು.