ಚಪ್ಪಡಿ ಮನೆಯಲ್ಲಿ ಹಳೆಯ ಕಾರು

ಕೊರಟಗೆರೆ ಸೀಮೆಯ ಚಳಿಗೆ ಎಂಜಿನ್ ಒಡೆಯುವ ಶಕ್ತಿಯಿಲ್ಲ. ಪುಷ್ಯದ ಬೆಳಗಿನ ಜಾವದಲ್ಲೂ ಉಷ್ಣಾಂಶ 15 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರು ಹೆಪ್ಪುಗಟ್ಟುವಾಗ ಶೇಕಡ 9ರಷ್ಟು ಹಿಗ್ಗಿ ಬೀಡುಕಬ್ಬಿಣದ ಬ್ಲಾಕನ್ನು ಸೀಳುವುದು ಹಿಮ ಬೀಳುವ ದೇಶಗಳ ಭಯ. ಇಲ್ಲಿ ಹಳೆಯ ಕಾರನ್ನು ಕೆಡಿಸುವುದು ಕಾರ್ತೀಕದಿಂದ ಮಾಘದವರೆಗಿನ ತೇವ: ಹಿಂಗಾರು ಮಳೆ ನೆಲದಲ್ಲಿ ಬಿಟ್ಟುಹೋದ ಪಸೆ, ಸಿದ್ಧರಬೆಟ್ಟ, ಚನ್ನರಾಯನದುರ್ಗಗಳ ತಪ್ಪಲಲ್ಲಿ ಹೊತ್ತೇರುವವರೆಗೂ ಕೂರುವ ಮಂಜು, ರಾತ್ರಿ ತಣ್ಣಗಾದ ತಗಡಿನ ಮೇಲೆ ಮೂಡುವ ಇಬ್ಬನಿ. ಈ ನಾಲ್ಕು ತಿಂಗಳು ಕಾರು ನಿಲ್ಲುವ ಕಟ್ಟಡ ಬೆಚ್ಚಗಿರಲೇಬೇಕೆಂದೇನಿಲ್ಲ. ಅದರೊಳಗೆ ಗಾಳಿ ಓಡಾಡುತ್ತಿದ್ದರೆ ಸಾಕು.

ಹಳೆಯ ಕಾರು ಎಂದರೆ ಈ ಕಡೆಯವರಿಗೆ ಮೊದಲು ನೆನಪಾಗುವುವು ಎರಡು. ಒಂದು, ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರ್. ಇನ್ನೊಂದು, ಇಟಲಿಯ ಫಿಯೆಟ್ 1100ರ ಮಾದರಿಯಲ್ಲಿ ಮುಂಬಯಿಯ ಕುರ್ಲಾದಲ್ಲಿ ತಯಾರಾಗಿ, 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆದ ಪ್ರೀಮಿಯರ್. ಲಾರಿಗೆ ಇರುವಂಥ ಬೇರೆ ಚಾಸಿ ಇವೆರಡಕ್ಕೂ ಇಲ್ಲ. ಮೈಯ ತಗಡೇ ಎಲುಬು. ಹಾಗಾಗಿ ಬಾಗಿಲ ಕೆಳಗಿನ ಟೊಳ್ಳು ಪಟ್ಟಿಯಲ್ಲಿ ಹಿಡಿದ ತುಕ್ಕು ಅಂದಗೆಡಿಸುವಷ್ಟಕ್ಕೆ ನಿಲ್ಲದೆ ಕಾರಿನ ಸೊಂಟವನ್ನೇ ಮುರಿಯುತ್ತದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಕೆಡದ ವಾಹನಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿ ತಂದಿತು. ಅದರ ನಂಬರಿನಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಮೂಲ ತಗಡು ಉಳಿಸಿಕೊಂಡವರಿಗೆ ಈಗ ಕಾನೂನಿನಲ್ಲೂ ಬೆಲೆ ಸಿಕ್ಕಿದೆ.

ಕಾರನ್ನು ನಿಲ್ಲಿಸಿಡುವ ಕೆಲಸ ಆರಂಭವಾಗುವುದು ಆಯುಧಪೂಜೆಯ ಮರುದಿನ. ಮುಂಭಾಗಕ್ಕೆ ಕಟ್ಟಿದ ಬಾಳೆಕಂದು, ಚೆಂಡುಹೂವಿನ ಹಾರ, ನಿಂಬೆಹಣ್ಣು ಇವನ್ನು ಭಕ್ತಿಯಿಂದಲೇ ಬೇಗ ಬಿಚ್ಚಬೇಕು. ಬಾಳೆಯ ಸೊನೆ ಬಣ್ಣದ ಮೇಲೆ ಕಪ್ಪು ಕಲೆ ಬಿಡುತ್ತದೆ. ನಿಂಬೆಯ ಹುಳಿ ಬಂಪರಿನ ಕ್ರೋಮನ್ನು ಮಂಕು ಮಾಡುತ್ತದೆ. ಬಾನೆಟ್ಟಿನ ಸಂದಿಗೆ ಇಳಿದ ಅರಿಸಿನ ಕುಂಕುಮ ತೇವ ಹೀರಿಕೊಂಡು ಅಲ್ಲೇ ಕೂರುತ್ತದೆ. ಹಾರ ತೆಗೆದ ಮೇಲೆ ಮೇಲಿಗಿಂತ ಹೆಚ್ಚಾಗಿ ಅಡಿಭಾಗವನ್ನು ತೊಳೆಯಬೇಕು. ಮಡ್‌ಗಾರ್ಡಿನ ಒಳಗೆ ಮೆತ್ತಿಕೊಂಡ ಕೆಮ್ಮಣ್ಣು ಒದ್ದೆ ಬಟ್ಟೆಯಂತೆ ವಾರಗಟ್ಟಲೆ ನೀರು ಹಿಡಿದಿಡುತ್ತದೆ. ತೊಳೆದ ಕಾರನ್ನು ಆ ಸಂಜೆಯೇ ಒಳಗೆ ನಿಲ್ಲಿಸುವುದು ತಪ್ಪು. ಎರಡು ಹಗಲು ಬಿಸಿಲಿಗೆ ಬಿಟ್ಟು, ಮಧುಗಿರಿಗೋ ತುಮಕೂರಿಗೋ ಒಮ್ಮೆ ಹೋಗಿಬಂದರೆ ಬ್ರೇಕ್ ಡ್ರಮ್ಮಿನ ಒಳಗೂ ಒಣಗುತ್ತದೆ. ಹಿಂತಿರುಗಿದಾಗ ಎಂಜಿನ್ ಬಿಸಿಯಿರುವಾಗಲೇ ಆಯಿಲ್ ಬದಲಿಸಬೇಕು. ಓಡಿದ ಆಯಿಲಿನಲ್ಲಿ ಇಂಧನ ಉರಿದು ಹುಟ್ಟಿದ ಆಮ್ಲಗಳಿರುತ್ತವೆ. ನಾಲ್ಕು ತಿಂಗಳು ಬೇರಿಂಗುಗಳನ್ನು ಅವುಗಳ ಜೊತೆ ನೆನೆಹಾಕುವುದು ಸಲ್ಲದು.

ಇನ್ನು ಕಟ್ಟಡ, ಅದು ಮೂರು ಬಗೆ. ಸುಲಭಕ್ಕೆ ಸಿಗುವುದು ಜಿಂಕ್ ಶೀಟಿನ ಶೆಡ್ಡು, ಮೂರರಲ್ಲಿ ಅದೇ ಕಡೆಯದು. ರಾತ್ರಿ ತಿಳಿ ಆಕಾಶಕ್ಕೆ ಶಾಖ ಬಿಟ್ಟುಕೊಟ್ಟು ಶೀಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ಒಳಗಿನ ಆವಿ ಅದರ ಅಡಿಯಲ್ಲಿ ಹನಿಗಟ್ಟಿ, ಬೆಳಗಾಗುವಷ್ಟರಲ್ಲಿ ಕಾರಿನ ತಲೆಯ ಮೇಲೆ ತೊಟ್ಟಿಕ್ಕುತ್ತದೆ. ಹೊರಗೆ ಮಳೆಯಿಲ್ಲದಿದ್ದರೂ ಒಳಗೆ ಹನಿ ಬೀಳುವುದನ್ನು ಕಂಡು ಶೀಟು ತೂತಾಗಿದೆಯೆಂದು ಟಾರು ಬಳಿಯುವವರುಂಟು.

ಎರಡನೆಯದು ದನದ ಕೊಟ್ಟಿಗೆ. ಅದು ಬೆಚ್ಚಗಿರುತ್ತದೆ ಎಂಬುದೇ ಮೋಸ. ದನಗಳ ಉಸಿರು ಇಡೀ ರಾತ್ರಿ ಗಾಳಿಗೆ ನೀರು ತುಂಬುತ್ತದೆ. ಗಂಜಲದಿಂದ ಅಮೋನಿಯ ಏಳುತ್ತದೆ. ಅಮೋನಿಯ ಹಿತ್ತಾಳೆಗೆ ಏನು ಮಾಡುತ್ತದೆಂಬ ಪಾಠ ಲೋಕಕ್ಕೆ ಸಿಕ್ಕಿದ್ದು ಭಾರತದಿಂದಲೇ. ಬ್ರಿಟಿಷ್ ಸೇನೆ ಇಲ್ಲಿನ ಕುದುರೆ ಲಾಯಗಳಲ್ಲಿ ತೋಟಾಗಳನ್ನು ಕೂಡಿಟ್ಟಾಗ, ಮಳೆಗಾಲ ಬಂದರೆ ಅವುಗಳ ಹಿತ್ತಾಳೆಯ ಕೊಳವೆಗಳು ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕುದುರೆಯ ಮೂತ್ರದ ಅಮೋನಿಯವೂ, ಕೊಳವೆಯನ್ನು ಎಳೆದು ರೂಪಿಸುವಾಗ ಲೋಹದೊಳಗೆ ಉಳಿದ ಬಿಗಿತವೂ ಸೇರಿ ಹೀಗಾಗುತ್ತದೆಂದು 1921ರಲ್ಲಿ ವಿವರಿಸಲಾಯಿತು. ಹಳೆಯ ಕಾರಿನ ರೇಡಿಯೇಟರು ತಾಮ್ರ ಹಿತ್ತಾಳೆಯದು. ಕಾರ್ಬ್ಯುರೇಟರಿನ ಜೆಟ್ಟುಗಳು ಹಿತ್ತಾಳೆಯವು. ವೈರುಗಳ ಒಳಗಿರುವುದು ತಾಮ್ರ. ಹಸುಗಳ ಪಕ್ಕ ಕಾರು ಕಟ್ಟುವುದು ಹಸುವಿಗೂ ಒಳ್ಳೆಯದಲ್ಲ, ಕಾರಿಗೂ ಅಲ್ಲ. ಯೂರಿಯ, ಡಿಎಪಿ ಮೂಟೆಗಳಿರುವ ಕೋಣೆಗೂ ಇದೇ ಮಾತು.

ಎಲ್ಲಕ್ಕಿಂತ ಒಳ್ಳೆಯದು ಈ ಸೀಮೆಯ ಹಳೆಯ ಕಲ್ಲು ಮನೆ. ಕಲ್ಲಿನ ಗೋಡೆ, ಮೇಲೆ ಚಪ್ಪಡಿ, ಅದರ ಮೇಲೆ ಮಣ್ಣು: ಇಷ್ಟು ಭಾರವಿರುವ ಕಟ್ಟಡ ಹಗಲಿನ ಶಾಖವನ್ನು ನಿಧಾನವಾಗಿ ಹೀರಿ ರಾತ್ರಿ ನಿಧಾನವಾಗಿ ಬಿಡುತ್ತದೆ. ಹಾಗಾಗಿ ಒಳಗಿನ ಉಷ್ಣಾಂಶ ಹೊರಗಿನಷ್ಟು ಏರಿಳಿಯುವುದಿಲ್ಲ, ಕಾರಿನ ತಗಡು ಥಟ್ಟನೆ ತಣ್ಣಗಾಗುವುದಿಲ್ಲ. ಲೆಕ್ಕ ಸರಳ. 20 ಡಿಗ್ರಿಯ ಗಾಳಿಯಲ್ಲಿ ಶೇಕಡ 80ರಷ್ಟು ತೇವಾಂಶವಿದ್ದರೆ, 16 ಡಿಗ್ರಿಗೆ ಇಳಿದ ಯಾವ ಲೋಹದ ಮೇಲಾದರೂ ಇಬ್ಬನಿ ಕೂರುತ್ತದೆ. ಕಣ್ಣಿಗೆ ಇಬ್ಬನಿ ಕಾಣದಿದ್ದರೂ, ತೇವಾಂಶ ಶೇಕಡ 60 ದಾಟಿದಲ್ಲಿ ಬರಿ ಉಕ್ಕಿಗೆ ತುಕ್ಕು ಬೇಗ ಹತ್ತುತ್ತದೆ. ಆದ್ದರಿಂದ ಮಂಜಿನ ಬೆಳಗಿನಲ್ಲಿ ಬಾಗಿಲು ಮುಚ್ಚಿಟ್ಟು, ಬಿಸಿಲೇರಿ ಗಾಳಿ ಒಣಗಿದ ಮೇಲೆ ಎದುರುಬದುರಿನ ಬಾಗಿಲು ಕಿಟಕಿ ತೆರೆದಿಡಬೇಕು. ದಿನಕ್ಕೆ ಒಂದೆರಡು ತಾಸು ಸಾಕು. ಪ್ಲಾಸ್ಟಿಕ್ ಟಾರ್ಪಾಲು ಬಿಗಿದು ಕಟ್ಟಿದರೆ ಈ ಉಪಕಾರವೆಲ್ಲ ವ್ಯರ್ಥ. ಅದರೊಳಗೆ ನೆಲದ ಪಸೆ ಸಿಕ್ಕಿಕೊಂಡು ಕಾರು ಬೆವರುತ್ತದೆ. ಧೂಳಿಗೆ ಒಗೆದ ಹತ್ತಿಯ ಹೊದಿಕೆ ಸಾಕು. ಪ್ಲಾಸ್ಟಿಕ್ಕಿಗೆ ಸರಿಯಾದ ಜಾಗ ಕಾರಿನ ಅಡಿ: ಮಣ್ಣಿನ ನೆಲದ ಮೇಲೆ ಹಾಸಿದರೆ ಪಸೆ ಅಲ್ಲೇ ನಿಲ್ಲುತ್ತದೆ.

ಗಾಲಿಯ ಕೆಳಗೆ ಹಲಗೆ ಇಡಬೇಕೆಂದು ಪರದೇಶದ ಪುಸ್ತಕಗಳು ಹೇಳುತ್ತವೆ. ಇಲ್ಲಿ ಹಲಗೆ ಇಟ್ಟರೆ ಗೆದ್ದಲಿಗೆ ಹಬ್ಬ. ಇದಕ್ಕೆಂದೇ ಇರುವಂತೆ ಊರ ತುಂಬ ಕಲ್ಲು ಚಪ್ಪಡಿಯಿದೆ. ನಾಲ್ಕು ತುಂಡು ಸಾಕು. ಒಂದೇ ಭಂಗಿಯಲ್ಲಿ ತಿಂಗಳುಗಟ್ಟಲೆ ಭಾರ ಹೊತ್ತ ಟೈರು ನೆಲ ಮುಟ್ಟಿದಲ್ಲಿ ಚಪ್ಪಟೆಯಾಗುತ್ತದೆ. ಗಾಳಿ ತುಸು ಹೆಚ್ಚು ಹೊಡೆಸಿ, ಹದಿನೈದು ದಿನಕ್ಕೊಮ್ಮೆ ಕಾಲು ಸುತ್ತು ತಳ್ಳಬೇಕು. ಹ್ಯಾಂಡ್‌ಬ್ರೇಕ್ ಎಳೆದಿಡಬಾರದು, ಬ್ರೇಕ್ ಲೈನರು ಡ್ರಮ್ಮಿಗೆ ಅಂಟಿಕೊಂಡರೆ ಬಿಡಿಸುವುದು ಕಷ್ಟ. ಎತ್ತಿನ ಗಾಡಿಗೆ ಕೊಡುವಂತೆ ಗಾಲಿಗೆ ಅಡ್ಡಗಲ್ಲು ಕೊಟ್ಟರಾಯಿತು. ಗಾಡಿಯನ್ನು ಚಪ್ಪರದಡಿ ನಿಲ್ಲಿಸುವ ಮುನ್ನ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದ ರೈತನಿಗೆ ಕಾರಿನ ಗ್ರೀಸ್ ನಿಪ್ಪಲ್ಲುಗಳ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ವ್ಯತ್ಯಾಸ: ಒಣಗಿ ಕುಗ್ಗಿದ ಮರದ ಚಕ್ರವನ್ನು ನೀರಿನಲ್ಲಿ ನೆನೆಸಿ ಹಳಿಗೆ ಬಿಗಿ ಮಾಡಿಕೊಳ್ಳುತ್ತಿದ್ದರು, ಕಬ್ಬಿಣಕ್ಕೆ ಅದೇ ನೀರು ವಿಷ.

ಪೆಟ್ರೋಲಿನ ವಿಷಯದಲ್ಲಿ ಹಿಂದಿನ ಪದ್ಧತಿ ಈಗ ಪೂರ್ತಿ ನಡೆಯದು. ಟ್ಯಾಂಕು ಭರ್ತಿ ಮಾಡಿಟ್ಟರೆ ಒಳಗೆ ಗಾಳಿಗೆ ಜಾಗವಿಲ್ಲದೆ ತುಕ್ಕು ಹಿಡಿಯುವುದಿಲ್ಲವೆಂಬುದು ನಿಜ. ಆದರೆ ದೇಶದ ಪೆಟ್ರೋಲಿನಲ್ಲಿ 2022ರ ಹೊತ್ತಿಗೆ ಶೇಕಡ 10ರಷ್ಟಾಗಿದ್ದ ಎಥನಾಲ್ 2025ರಲ್ಲಿ ಶೇಕಡ 20 ಮುಟ್ಟಿತು. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ; ಮಿತಿ ಮೀರಿದಾಗ ನೀರಿನೊಡನೆ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕಿಳಿಯುತ್ತದೆ. ಹಳೆಯ ರಬ್ಬರ್ ಪೈಪು, ಪಂಪಿನ ಪೊರೆಗಳನ್ನೂ ಅದು ಮೆತ್ತಗಾಗಿಸುತ್ತದೆ. ನಾಲ್ಕು ತಿಂಗಳಿಗೆ ಭರ್ತಿ ಟ್ಯಾಂಕೇ ಮೇಲು, ಆದರೆ ಕಾರ್ಬ್ಯುರೇಟರಿನ ಬಟ್ಟಲನ್ನು ಬರಿದು ಮಾಡಿಡಬೇಕು. ವರ್ಷ ದಾಟುವುದಾದರೆ ಟ್ಯಾಂಕನ್ನೂ ಬರಿದು ಮಾಡಿ ಒಣಗಿಸುವುದು ಲೇಸು.

ಬ್ಯಾಟರಿಯನ್ನು ಕಳಚಿ ಮನೆಯೊಳಗೆ ಇಡಬೇಕು. ಹಳೆಯ ಬ್ರಿಟಿಷ್ ವಿನ್ಯಾಸದ ಕೆಲವು ಕಾರುಗಳಲ್ಲಿ ಮೈಗೆ ಸೇರಿರುವುದು ಧನ ತುದಿ. ಆದ್ದರಿಂದ ಬಣ್ಣ ನೋಡದೆ, ಮೈಗೆ ಕಟ್ಟಿದ ಕೇಬಲ್ಲು ಯಾವುದೋ ಅದನ್ನೇ ಮೊದಲು ಬಿಚ್ಚಬೇಕು. ತುಂಬು ಚಾರ್ಜಿನಲ್ಲಿ 12.6 ವೋಲ್ಟ್ ತೋರಿಸುವ ಬ್ಯಾಟರಿ 12.4ಕ್ಕೆ ಇಳಿದಾಗ ಮತ್ತೆ ಚಾರ್ಜಿಗೆ ಹಾಕದಿದ್ದರೆ ಸೀಸದ ತಟ್ಟೆಗಳ ಮೇಲೆ ಸಲ್ಫೇಟು ಗಟ್ಟಿಯಾಗುತ್ತದೆ.

ಈ ಸೀಮೆಯಲ್ಲಿ ತೇವದಷ್ಟೇ ಹಾನಿ ಮಾಡುವುದು ಇಲಿ. ಕಾರು ಒಳಸೇರುವ ಹೊತ್ತಿಗೇ ಕಡಲೆಕಾಯಿ ಮೂಟೆಗಳೂ ಮನೆ ಸೇರುತ್ತವೆ, ಹಿಂದೆಯೇ ರಾಗಿ. ಕಾಳು ತಿಂದ ಇಲಿಗೆ ಗೂಡಿಗೆ ಬೇಕಾದ ನಾರು ಸೀಟಿನೊಳಗಿದೆ, ಹಲ್ಲು ತಿಕ್ಕಲು ವೈರಿನ ಹೊದಿಕೆಯಿದೆ. ಇಲಿಯ ಹಿಂದೆ ಹಾವೂ ಬರುತ್ತದೆ. ಮೂಟೆ ಮತ್ತು ಕಾರು ಒಂದೇ ಕೋಣೆಯಲ್ಲಿರಬಾರದು. ಸೈಲೆನ್ಸರಿನ ಬಾಯಿಗೂ ಏರ್ ಫಿಲ್ಟರಿನ ಮೂತಿಗೂ ತಂತಿಬಲೆ ಕಟ್ಟಬೇಕು. ಅದರ ಮೇಲೊಂದು ಬಟ್ಟೆ ಸುತ್ತಿದರೆ ಮಣ್ಣಿನ ಗೂಡು ಕಟ್ಟುವ ಕಣಜವೂ ಒಳಗೆ ಹೋಗದು. ಸೀಟಿಗೆ ನುಸಿಗುಳಿಗೆ ಹುಳುವಿನ ಮಟ್ಟಿಗೆ ಸರಿ, ಇಲಿ ಅದಕ್ಕೆ ಬಗ್ಗುವುದಿಲ್ಲ.

ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವ ರೂಢಿ ಪ್ರೀತಿಯಿಂದ ಮಾಡುವ ಕೆಡುಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಎಂಜಿನ್ ಪೂರ್ತಿ ಕಾಯದಿದ್ದರೆ ಆ ನೀರು ಆವಿಯಾಗಿ ಹೊರಹೋಗದೆ ಆಯಿಲಿನಲ್ಲೂ ಸೈಲೆನ್ಸರಿನಲ್ಲೂ ಉಳಿಯುತ್ತದೆ. ಓಡಿಸುವುದಾದರೆ ಮಧುಗಿರಿಯವರೆಗೆ ಓಡಿಸಬೇಕು, ಇಲ್ಲವಾದರೆ ಮುಟ್ಟಬಾರದು. ಪ್ಲಗ್ ಬಿಚ್ಚಿ ಸಿಲಿಂಡರಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ತಿಂಗಳಿಗೊಮ್ಮೆ ಹ್ಯಾಂಡಲಿನಿಂದ ಎರಡು ಸುತ್ತು ತಿರುಗಿಸಿದರೆ ಪಿಸ್ಟನ್ ರಿಂಗುಗಳು ಹಿಡಿದುಕೊಳ್ಳುವುದಿಲ್ಲ.

ಯುಗಾದಿಯ ಮುಂಚೆ ಕಾರು ಹೊರಗೆ ಬರುವಾಗ ಮೊದಲು ತಂತಿಬಲೆ, ಬಟ್ಟೆ ತೆಗೆದು, ಬಾನೆಟ್ಟಿನಡಿ ಗೂಡಿದೆಯೇ ನೋಡಬೇಕು. ಆಮೇಲೆ ಬ್ರೇಕ್ ಆಯಿಲಿನ ಮಟ್ಟ, ಚಕ್ರದ ಒಳಬದಿಯ ಸೋರಿಕೆ. ಬ್ಯಾಟರಿ ಮತ್ತೆ ಕಟ್ಟಿ, ಪ್ಲಗ್ ಹಾಕುವ ಮುನ್ನವೇ ಎಂಜಿನ್ ತಿರುಗಿಸಿ ಆಯಿಲಿನ ಕೆಂಪು ದೀಪ ಆರುವವರೆಗೆ ಕಾಯಬೇಕು. ಎಂಜಿನ್ ಹತ್ತಿದ ಮೇಲೆ ಅಂಗಳದಲ್ಲೇ ನಾಲ್ಕು ಬಾರಿ ಬ್ರೇಕ್ ಒತ್ತಿ ನೋಡಿ, ಕಾರು ನೇರವಾಗಿ ನಿಂತರೆ ರಸ್ತೆಗೆ ಇಳಿಸಬಹುದು.